ಕುಷ್ಟಗಿ ದಾರಿಯ ಪುಟ್ಟ ವೈನರಿ: ಕೆಂಪು ಚೆನ್ನ, ಪೋರ್ಟ್ ಇನ್ನೂ ಚೆನ್ನ

ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವಾಗ ಸಿಗುವ ಈ ವೈನರಿಗೆ ಬೆಳಿಗ್ಗೆಯೇ ಹೋಗಿ. ಶಿರಾಜ್ ದ್ರಾಕ್ಷಿಯ ಕೆಂಪು ವೈನು ಗಾಢ ಬಣ್ಣದ್ದು. ನೇರಳೆ ಹಣ್ಣಿನ ಪರಿಮಳ, ಕೊನೆಗೆ ಕಾಳುಮೆಣಸಿನ ಚುರುಕು. ಆದರೆ ಕೋಣೆಯ ಬಿಸಿಯಲ್ಲೇ ಸುರಿದು ಕೊಡುತ್ತಾರೆ. 30 ಡಿಗ್ರಿಯಲ್ಲಿ ಮದ್ಯಸಾರದ ಘಾಟೇ ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು ಐಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿಸಿ. 16–18ಕ್ಕೆ ಇಳಿದರೆ ಹಣ್ಣಿನ ರುಚಿ ಎದ್ದು ಬರುತ್ತದೆ.

ಇಲ್ಲಿಯ ನಿಜವಾದ ಹೆಮ್ಮೆ ಪೋರ್ಟ್ ಶೈಲಿಯ ವೈನು. ಹುದುಗುವಿಕೆ ಮುಗಿಯುವ ಮೊದಲೇ ದ್ರಾಕ್ಷಿ ಬ್ರಾಂದಿ ಸೇರಿಸುತ್ತಾರೆ, ಮದ್ಯಸಾರ ಶೇ. 18–20ಕ್ಕೆ ಏರಿ ಯೀಸ್ಟ್ ಸಾಯುತ್ತದೆ, ಹಣ್ಣಿನ ಸಕ್ಕರೆ ಉಳಿಯುತ್ತದೆ. ಸಿಹಿಯಿದೆ, ಆದರೆ ಪಾಕದ ಹಾಗೆ ನಾಲಿಗೆಗೆ ಅಂಟುವುದಿಲ್ಲ. ಗ್ಲಾಸು ತಿರುಗಿಸಿದರೆ ಒಳಮೈಯಲ್ಲಿ ಹನಿ ನಿಧಾನಕ್ಕೆ ಜಾರುತ್ತದೆ. ಇದನ್ನು ಕೊನೆಗೇ ಸವಿಯಿರಿ. ಮೊದಲೇ ಕುಡಿದರೆ ಶಿರಾಜ್ ಬರೀ ಹುಳಿ, ಒಗರು ಅನಿಸುತ್ತದೆ. ಕೊಂಡ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಬಿರಡೆ ಮೇಲೆದ್ದು ಸೋರುತ್ತದೆ.