ಗೂಗಲ್ ಮೊಬಿಲಿಟಿ ರಿಪೋರ್ಟ್: ಲಾಕ್‌ಡೌನ್ ಓಡಾಟದ ಅಂಕಿಗಳನ್ನು ಎಷ್ಟು ನಂಬಬಹುದು?

ಕೋವಿಡ್ ನಿರ್ಬಂಧಗಳಿಂದ ಜನರ ಓಡಾಟ ಹೇಗೆ ಬದಲಾಯಿತು ಎಂಬುದನ್ನು ಜಿಲ್ಲೆವಾರು, ದಿನವಾರು ಪುಕ್ಕಟೆಯಾಗಿ ತೋರಿಸುವ ದತ್ತಾಂಶ ಬಲು ಅಪರೂಪ. ಗೂಗಲ್‌ನ ಕಮ್ಯುನಿಟಿ ಮೊಬಿಲಿಟಿ ರಿಪೋರ್ಟ್ ಅಂಥದ್ದು. 2020ರ ಏಪ್ರಿಲ್‌ನಲ್ಲಿ ಶುರುವಾಗಿ 2022ರ ಅಕ್ಟೋಬರ್ 15ಕ್ಕೆ ನಿಂತರೂ ಹಳೆಯ ಫೈಲುಗಳನ್ನು ಸಾರ್ವಜನಿಕರಿಗೆ ಉಳಿಸಿದ್ದಾರೆ.

ಇಡೀ ಜಗತ್ತಿನ ಫೈಲಿಗೆ ಕೈಹಾಕಬೇಡಿ, ಎಕ್ಸೆಲ್‌ಗೆ ಅಷ್ಟು ಸಾಲುಗಳು ಹಿಡಿಸುವುದಿಲ್ಲ. ದೇಶವಾರು ಜಿಪ್‌ನಲ್ಲಿ ಭಾರತದ 2020, 2021, 2022ರ ಸಿಎಸ್‌ವಿಗಳು (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕೋಷ್ಟಕದ ಫೈಲುಗಳು) ಬೇರೆಬೇರೆ ಇವೆ, ಅವು ಸಾಕು. ಕರ್ನಾಟಕ ಎಂದು ಫಿಲ್ಟರ್ ಹಾಕಿದಾಗ ಜಿಲ್ಲೆಯ ಹೆಸರಿಲ್ಲದ ಸಾಲುಗಳೂ ಬರುತ್ತವೆ. ಅವು ಇಡೀ ರಾಜ್ಯದ ಅಂಕಿಗಳು. ತೆಗೆಯದೆ ಸರಾಸರಿ ಹಾಕಿದರೆ ಲೆಕ್ಕ ಕೆಡುತ್ತದೆ. ಖಾಲಿ ಕೋಶ ಸೊನ್ನೆಯಲ್ಲ: ಖಾಸಗಿತನ ಕಾಯುವಷ್ಟು ಜನರ ಮಾಹಿತಿ ಅಂದು ಸಿಗಲಿಲ್ಲ ಎಂದರ್ಥ. ಅಲ್ಲಿ ಸೊನ್ನೆ ತುಂಬಿದರೆ ‘ಏನೂ ಬದಲಾಗಿಲ್ಲ’ ಎಂದಾಗಿಬಿಡುತ್ತದೆ.

ಎಲ್ಲವೂ ಶೇಕಡಾವಾರು ಏರಿಳಿತ. ಹೋಲಿಕೆಗೆ ಹಿಡಿದದ್ದು 2020ರ ಜನವರಿ 3ರಿಂದ ಫೆಬ್ರವರಿ 6ರವರೆಗಿನ ಐದು ವಾರ. ಸೋಮವಾರಕ್ಕೆ ಸೋಮವಾರ, ಭಾನುವಾರಕ್ಕೆ ಭಾನುವಾರ. ಐದರಲ್ಲಿ ನಡುವಿನ ಅಂಕಿಯನ್ನೇ ತೆಗೆದುಕೊಳ್ಳುವುದರಿಂದ ಸಂಕ್ರಾಂತಿಯಂಥ ಒಂದು ರಜೆ ಇದ್ದರೂ ಹೋಲಿಕೆಯ ಬುಡ ಅಲುಗುವುದಿಲ್ಲ. ಇದು ಜಾಣ ಆಯ್ಕೆ. ಆದರೆ ಆಮೇಲೆ ಬಂದ ಹಬ್ಬಗಳಿಗೆ ಈ ರಕ್ಷಣೆಯಿಲ್ಲ. ದೇಶವ್ಯಾಪಿ ಲಾಕ್‌ಡೌನ್‌ನ ಮೊದಲ ದಿನ, 2020ರ ಮಾರ್ಚ್ 25, ನಮ್ಮಲ್ಲಿ ಯುಗಾದಿ. ಅಂದು ಕಚೇರಿಗಳ ಅಂಕಿ ಬಿದ್ದದ್ದು ಪೂರ್ತಿ ನಿರ್ಬಂಧದಿಂದಲೇ ಎಂದು ಬರೆಯುವಂತಿಲ್ಲ. ಏಳು ದಿನಗಳ ಸರಾಸರಿ ಹಾಕಿ, ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಳ್ಳಿ.

ಹೆಚ್ಚು ಜನ ಎಡವುವುದು ‘ಮನೆ’ ಕಾಲಮ್ಮಿನಲ್ಲಿ. ಅಂಗಡಿ-ಮನರಂಜನೆ, ದಿನಸಿ-ಔಷಧಿ, ಪಾರ್ಕು, ಬಸ್-ರೈಲು ನಿಲ್ದಾಣ, ಕಚೇರಿ ಈ ಐದೂ ಭೇಟಿಗಳನ್ನು ಅಳೆದರೆ ಮನೆಯದು ಮಾತ್ರ ಅಲ್ಲಿ ಕಳೆದ ಸಮಯವನ್ನು ಅಳೆಯುತ್ತದೆ. ದಿನಕ್ಕೆ 14 ಗಂಟೆ ಮನೆಯಲ್ಲಿರುತ್ತಿದ್ದವರು ಹೊಸ್ತಿಲನ್ನೇ ದಾಟದಿದ್ದರೂ ಏರಿಕೆ ಶೇ. 71 ದಾಟದು, ಶೇ. 20 ಎಂದರೇ ಸುಮಾರು ಮೂರು ಗಂಟೆ ಹೆಚ್ಚು. ಕಚೇರಿಯ ಮೈನಸ್ 20ರ ಪಕ್ಕ ಇದನ್ನಿಟ್ಟು ಸಮ ಎನ್ನುವುದು ತಪ್ಪು.

ಒಂದೇ ಜಿಲ್ಲೆಯನ್ನು ಅದರದೇ ಹಿಂದಿನ ದಿನಗಳ ಜೊತೆ ಹೋಲಿಸಲು ಇದು ಉತ್ತಮ ಸಾಧನ. ಬೆಂಗಳೂರನ್ನು ಯಾದಗಿರಿಗೆ ಹೋಲಿಸಲು ಬಳಸಬೇಡಿ. ಫೋನಿನಲ್ಲಿ ಲೊಕೇಶನ್ ಹಿಸ್ಟರಿ (ಹೋದ ಜಾಗಗಳನ್ನು ದಾಖಲಿಸುವ ಸೌಲಭ್ಯ) ತಾವಾಗಿ ಆನ್ ಮಾಡಿಕೊಂಡವರು ಮಾತ್ರ ಇಲ್ಲಿ ಲೆಕ್ಕಕ್ಕೆ ಬರುವುದರಿಂದ, ಎರಡು ಕಡೆಯೂ ಅಂಥವರ ಪಾಲು ಒಂದೇ ಅಲ್ಲ.

ಇನ್ನೊಂದು ದೊಡ್ಡ ಕೊರತೆ: ಎಲ್ಲಿಂದ ಎಲ್ಲಿಗೆ ಎಂಬ ಕಾಲಮ್ಮೇ ಇಲ್ಲ. ನಗರ ಬಿಟ್ಟು ಹೆದ್ದಾರಿಯಲ್ಲಿ ನಡೆದೇ ಊರಿಗೆ ಹೊರಟ ವಲಸೆ ಕಾರ್ಮಿಕರ ಪಯಣ ಈ ಆರು ಕಾಲಮ್ಮುಗಳಲ್ಲಿ ಎಲ್ಲೂ ಸಿಗದು. ಆ ದಿನಗಳ ಬಗ್ಗೆ ಬರೆಯುವವರು 2020ರ ಮೇ 1ರಿಂದ ಓಡಿದ ಶ್ರಮಿಕ್ ವಿಶೇಷ ರೈಲುಗಳ ದಾಖಲೆಯನ್ನು ಕಡ್ಡಾಯವಾಗಿ ಜೊತೆಗಿಟ್ಟು ಓದಬೇಕು.