ಟ್ಯಾಬ್ ಸ್ಟೋರೇಜ್ ಫುಲ್ ಆದ್ರ: ಪೆನ್‌ಡ್ರೈವಾ, ಮೆಮೊರಿ ಕಾರ್ಡಾ, ಇಲ್ಲಾ ಒಳಗಿನ ಚಿಪ್ಪೇ ಬದಲಿ ಮಾಡ್ಸೋದಾ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಒಳಗಿನ ಚಿಪ್ ಬದಲಿ ಮಾಡ್ಸೋದಕ್ಕೇ. ಮೂರೂ ನಾನೇ ರೊಕ್ಕ ಕೊಟ್ಟು ಮಾಡಿ ನೋಡೀನಿ, ಅದರಾಗ ಒಂದರ ಸಲುವಾಗಿ ಎಂಟು ತಿಂಗಳು ಕೈಲೆ ಬರ್ದ ನೋಟ್ಸ್ ಕಳ್ಕೊಂಡೀನಿ, ಮತ್ತೊಬ್ರಿಗಿ ಹಂಗ ಆಗೋದು ಬ್ಯಾಡ ಅಂತ ಬರೀಲತ್ತೀನಿ.

ನಂದು 32 ಜಿಬಿ ಟ್ಯಾಬ್. ಸಿಸ್ಟಮ್ ತನ್ನ ಪಾಲು ತಗೊಂಡ ಮ್ಯಾಲ ನಂಗ ಉಳಿದಿದ್ದು ಹದಿನೆಂಟು ಚಿಲ್ರಿ. ಕಲಬುರಗಿ ರೂಮಿನಾಗ ವೈಫೈ ಅದ, ಆದ್ರ ಆಳಂದ ಕಡಿ ನಮ್ಮೂರಿಗಿ ಹೋದ್ರ ನೆಟ್ ಸಿಗಂಗಿಲ್ಲ, ತೊಗರಿ ರಾಶಿ ಟೈಮಿನಾಗಂತೂ ಎಂಟೆಂಟು ದಿನ ಹೊಲದಾಗೇ ಇರ್ತೀನಿ. ಅದಕ್ಕ ಪಿಡಿಒ, ಎಫ್‌ಡಿಎ ನೌಕರಿ ಪರೀಕ್ಷಾದ ಕ್ಲಾಸಿನ ವಿಡಿಯೋ ರೂಮಿನಾಗೇ ಇಳಿಸ್ಕೊಂಡು ಒಯ್ಯಬೇಕು. ಒಂದ್ ಕ್ಲಾಸ್ ಹತ್ರಹತ್ರ 300 ಎಂಬಿ, ಐವತ್ತು ಕ್ಲಾಸ್ ಅಂದ್ರ 15 ಜಿಬಿ, ಖಲಾಸ್.

ಪೆನ್‌ಡ್ರೈವ್ ಓಟಿಜಿ ವಾಯರ್ ಹಚ್ಚಿ ನೋಡ್ದೆ. ಪಿಡಿಎಫ್ ಓದ್ಲಿಕ್ಕಿ ನಡೀತದ, ಆದ್ರ ನನ್ನ ಟ್ಯಾಬಿನಾಗ ಅದು ಹಚ್ಚಿದ್ರ ಚಾರ್ಜಿಗಿ ಜಾಗ ಇಲ್ಲ, ಕ್ಲಾಸಿನ ಆ್ಯಪ್ ಅದರಾಗ ಇಳಿಸಂಗೂ ಇಲ್ಲ. ಮುಗೀತು.

ಮೆಮೊರಿ ಕಾರ್ಡ್ ಸಾದಾ ರೀತಿಲೆ, ಅಂದ್ರ ಪೋರ್ಟಬಲ್ ಅಂತ ಹಾಕಿದ್ರ ಫೋಟೋ, ಹಾಡು, ಪಿಡಿಎಫ್‌ಗೆಲ್ಲ ಭಾಳ ಛಲೋ, ಸಸ್ತಾನೂ. ನನ್ನ ತಂಟೆ ಏನಂದ್ರ ಕ್ಲಾಸಿನ ಆ್ಯಪ್ ವಿಡಿಯೋನ ಒಳಗಿನ ಸ್ಟೋರೇಜಿನಾಗ ಮಾತ್ರ ಇಡ್ತದ, ಕಾರ್ಡಿಗಿ ಹಾಕು ಅನ್ನೋ ಆಪ್ಷನ್ನೇ ಇಲ್ಲ. ಅಂದ್ರ ಕಾರ್ಡಿನಾಗ 64 ಜಿಬಿ ಖಾಲಿ ಬಿದ್ದದ, ಆದ್ರೂ ಟ್ಯಾಬ್ 'ಜಾಗ ಇಲ್ಲ' ಅಂತದ.

ಅದಕ್ಕ ಕಾರ್ಡನ್ನೇ ಇಂಟರ್ನಲ್ ಮಾಡ್ದೆ, ಅಂದ್ರ ಟ್ಯಾಬ್ ಅದನ್ನ ತನ್ನ ಒಳಗಿನ ಸ್ಟೋರೇಜ್ ಅಂತನೇ ಬಳಸೋಹಂಗ. ಆಂಡ್ರಾಯ್ಡ್ 6ರಿಂದ, ಅಂದ್ರ 2015ರಿಂದ ಈ ಸೌಲಭ್ಯ ಅದ, ಕೆಲವು ಕಂಪನಿಯವರು ತೆಗೆದು ಹಾಕ್ಯಾರ, ನಂದರಾಗ ಇತ್ತು. ಫಾರ್ಮ್ಯಾಟ್ ಮಾಡೋ ಮುಂದನೇ ಕಾರ್ಡ್ ನಿಧಾನ ಅದ ಅಂತ ತೋರ್ಸ್ತು, ನಾ ಮುಂದ ಒತ್ತಿದೆ. ಕಾರ್ಡ್ ಮ್ಯಾಲ ಕ್ಲಾಸ್ 10 ಅಂತ ಇತ್ತಲ್ಲ, ಸಾಕು ಅನ್ಕೊಂಡಿದ್ದೆ. ಆದ್ರ ಕ್ಲಾಸ್ 10 ಅಂದ್ರ ದೊಡ್ಡ ಫೈಲ್ ಒಂದೇ ಸಮ ಬರೀಲಿಕ್ಕಿ ಸೆಕೆಂಡಿಗಿ ಕಮ್ಮಿ ಅಂದ್ರೂ 10 ಎಂಬಿ ಅಂತ ಅಷ್ಟೇ ಅರ್ಥ. ಆ್ಯಪ್ ನಡೀಬೇಕಂದ್ರ ಸಣ್ಣ ಸಣ್ಣ ತುಣುಕು ಅಲ್ಲೊಂದು ಇಲ್ಲೊಂದು ಓದಿ ಬರೀಬೇಕು, ಅದಕ್ಕ ಎ1, ಎ2 ಅಂತ ಬ್ಯಾರೆ ಗುರುತೇ ಅದ. ಎ1 ಅಂದ್ರ ಸೆಕೆಂಡಿಗಿ 1500 ಸಲ ಓದೋದು 500 ಸಲ ಬರ್ಯೋದು, ಎ2 ಅಂದ್ರ 4000 ಮತ್ತ 2000. ಇದು ತಿಳ್ದ ಮ್ಯಾಲ ಎ2 ಕಾರ್ಡೂ ತಂದೆ, ಅದರ ಪೂರಾ ಸ್ಪೀಡ್ ಸಿಗ್ಬೇಕಂದ್ರ ಟ್ಯಾಬೂ ಅದಕ್ಕ ಸಪೋರ್ಟ್ ಮಾಡ್ಬೇಕಂತ, ನನ್ನ ಹಳೇ ಟ್ಯಾಬಿಗಿ ಹೇಳ್ಕೊಳ್ಳೋ ಫರಕ್ ಏನೂ ಆಗ್ಲಿಲ್ಲ.

ನಿಧಾನ ಆದ್ರೂ ತಡ್ಕೊಬಹುದಿತ್ತು. ಮೇ ತಿಂಗಳು, ಹೊರಗ 42 ಡಿಗ್ರಿ, ಪತ್ರಾಸಿನ ಕೆಳಗ ಕುಂತು ಚಾರ್ಜಿಗಿ ಹಚ್ಚಿ ಕ್ಲಾಸ್ ನೋಡ್ಲತ್ತಿದ್ದೆ, ಟ್ಯಾಬ್ ಕಾದಾಗೆಲ್ಲ ಕಾರ್ಡ್ ಕಾಣ್ದಂಗ ಆಗ್ತಿತ್ತು. ಕಾರ್ಡ್ ಹೋಯ್ತಂದ್ರ ಅದರ ಮ್ಯಾಲಿದ್ದ ಆ್ಯಪೂ ಮಾಯ, ಸೂಜಿ ಹಾಕಿ ಟ್ರೇ ತೆಗಿ, ಬನಿಯನ್ ಅಂಚಿಲೆ ಕಾರ್ಡ್ ಒರ್ಸು, ಮತ್ತ ಹಾಕು, ರೀಸ್ಟಾರ್ಟ್ ಮಾಡು. ದಿನಕ್ಕ ಮೂರ್ನಾಲ್ಕು ಸಲ ಇದೇ ಕೆಲಸ. ಗೆಳ್ಯಾ ಒಬ್ಬ 'ಫ್ಯಾಕ್ಟರಿ ರೀಸೆಟ್ ಹೊಡಿಯಪ್ಪ, ಹ್ಯಾಂಗೂ ನಿನ್ನ ಡೇಟಾ ಕಾರ್ಡಿನಾಗೇ ಅದಲ್ಲ' ಅಂದ. ಹೊಡ್ದೆ.

ರೀಸೆಟ್ ಆದ ಮ್ಯಾಲ ಟ್ಯಾಬ್ ಅದೇ ಕಾರ್ಡನ್ನ ಹೊಸಾ ಕಾರ್ಡ್ ಅನ್ನೋಹಂಗ ಫಾರ್ಮ್ಯಾಟ್ ಮಾಡ್ಲಿ ಏನು ಅಂತ ಕೇಳ್ತು. ಕಾಕಾನ ಮಗನ ಲ್ಯಾಪ್‌ಟಾಪಿಗಿ ಹಾಕಿದ್ರ ಅಲ್ಲೂ ಅದೇ ಪ್ರಶ್ನಿ. ಆಮ್ಯಾಲ ತಿಳೀತು, ಇಂಟರ್ನಲ್ ಮಾಡಿದ ಕಾರ್ಡ್ ಪೂರಾ ಎನ್‌ಕ್ರಿಪ್ಟ್ ಆಗಿರ್ತದ, ಅಂದ್ರ ಕೀ ಇಲ್ದ ಓದ್ಲಿಕ್ಕಿ ಬರದಂಗ ಬೀಗ ಹಾಕಿದಂಗ, ಅದರ ಕೀ ಇರೋದು ಟ್ಯಾಬಿನ ಒಳಗ, ರೀಸೆಟ್ ಹೊಡ್ದ್ರ ಕೀ ಅಳಿಸಿ ಹೋಗ್ತದ. ವಿಡಿಯೋ ಮತ್ತ ಇಳಿಸ್ಬಹುದು. ಪೆನ್ನಿಲೆ ಸ್ಕ್ರೀನ್ ಮ್ಯಾಲ ಬರ್ದ ನೋಟ್ಸ್, ಸಂವಿಧಾನದ್ದು, ಕಲ್ಯಾಣ ಕರ್ನಾಟಕ ಇತಿಹಾಸದ್ದು, 371ಜೆ ಬಗ್ಗೆ ಕೆಂಪು ಇಂಕಿನಾಗ ಗೆರಿ ಎಳ್ದಿದ್ದು, ಒಂದೂ ಉಳೀಲಿಲ್ಲ. ಎರಡು ದಿನ ಪುಸ್ತಕ ಮುಟ್ಲಿಲ್ಲ ನಾ.

ಆಮ್ಯಾಲ ಸೂಪರ್ ಮಾರ್ಕೆಟ್ ಕಡಿ ಬೋರ್ಡ್ ಕೆಲಸ ಮಾಡೋ ಒಬ್ಬ ಅಣ್ಣಾರ ದುಕಾನಿಗಿ ಹೋದೆ. ಅವರು ಟ್ಯಾಬ್ ಬಿಚ್ಚಿ ಮೈಕ್ರೋಸ್ಕೋಪಿನಾಗ ನೋಡಿ ಹೇಳಿದ್ರು, 'ತಮ್ಮಾ, ಇದರಾಗ ಇಎಂಎಂಸಿ ಅನ್ನೋ ತರದ ಸ್ಟೋರೇಜ್ ಚಿಪ್ ಅದ, ಬದಲಿ ಮಾಡ್ಬಹುದು. ಯುಎಫ್‌ಎಸ್ ಅನ್ನೋ ಬ್ಯಾರೆ ತರದ ಚಿಪ್ ಇದ್ದಲ್ಲಿ ಇಎಂಎಂಸಿ ಕುಂದ್ರಂಗಿಲ್ಲ. ಒಳಗಿನ ಡೇಟಾ ಮಾತ್ರ ಒಂದೂ ಉಳಿಯಂಗಿಲ್ಲ, ಮತ್ತ ಆಮ್ಯಾಲ ಕೇಳಬ್ಯಾಡ.' ನಂದರಾಗ ಉಳೀಬೇಕಾದ್ದು ಏನೂ ಇದ್ದಿಲ್ಲ.

128 ಜಿಬಿ ಚಿಪ್, ಮಜೂರಿ ಸೇರಿ 3,400 ರೂಪಾಯಿ. ನಾ ಅಲ್ಲೇ ಕುಂತು ನೋಡ್ದೆ. ಬಿಸಿ ಗಾಳಿ ಬಿಟ್ಟು ಹಳೇ ಚಿಪ್ ಚಿಮಟಿಲೆ ಎತ್ತಿದ್ರು, ಕೆಳಗ ಸಾಸಿವಿ ಕಾಳಿಗಿಂತ ಸಣ್ಣ 153 ಬೆಸುಗಿ ಚುಕ್ಕಿ, ಅವನ್ನ ಒರ್ಸಿ ಹೊಸಾದು ಕೂಡ್ಸಿದ್ರು. ಕೂಡ್ಸೋ ಮೊದಲು ಚಿಪ್ಪನ್ನ ಅದನ್ನ ಓದೋ ಬಾಕ್ಸಿಗಿ ಹಚ್ಚಿ ಕಂಪ್ಯೂಟರಿನಾಗ ಅದರ ಆಯುಷ್ಯ ತೋರ್ಸಿದ್ರು, ಬಳಕಿ ಸೊನ್ನಿಯಿಂದ 10 ಪರ್ಸೆಂಟ್ ಒಳಗ ಅಂತ ಬಂತು. ಇದು ನೀವು ಮಾಡ್ಸಿದ್ರೂ ಬಿಡದಂಗ ಕೇಳ್ರಿ, ಹಳೇ ಫೋನಿಂದ ತೆಗೆದ ಚಿಪ್ ಹೊಸಾದು ಅಂತ ಹಾಕೋರೂ ಇರ್ತಾರ.

ಒಂದು ಕೊರತಿ ಅದ. ಸಿನಿಮಾ ಆ್ಯಪಿನಾಗ ಈಗ ಎಚ್‌ಡಿ ಬರಂಗಿಲ್ಲ, ವೈಡ್‌ವೈನ್, ಅಂದ್ರ ವಿಡಿಯೋ ಕಾಪಿ ಆಗ್ದಂಗ ಕಾಯೋ ವ್ಯವಸ್ಥಾ, ಮೊದಲು ಮ್ಯಾಲಿನ ಹಂತ ಎಲ್1 ಇದ್ದದ್ದು ಈಗ ಕೆಳಗಿನ ಹಂತ ಎಲ್3 ತೋರಸ್ತದ. ಅದರ ಕೀ ಹಳೇ ಚಿಪ್ಪಿನ ಜತಿಗೇ ಹೋಯ್ತು ಅಂದ್ರು ಅಣ್ಣಾರು. ನಾ ಟ್ಯಾಬಿನಾಗ ಸಿನಿಮಾ ನೋಡಂಗಿಲ್ಲ, ಕ್ಲಾಸಿನ ವಿಡಿಯೋ ಮಾತ್ರ ಆರಾಮ ನಡೀತದ.

ಹೊಸಾ ಟ್ಯಾಬಿಗಿ ಹನ್ನೆರಡು ಸಾವಿರ ನನ್ನ ಹತ್ರ ಇಲ್ಲ, ಅದಕ್ಕ ನಂಗ ಇದೇ ಸರಿ. ವಾರಂಟಿ ಇನ್ನಾ ಇದ್ದವರು ಬಿಚ್ಚಿಸ್ಬ್ಯಾಡ್ರಿ. ಬರೇ ಪಿಡಿಎಫ್, ಹಾಡು ಇಡೋರು ಬಿಲ್ ಕೊಡೋ ದುಕಾನಿಂದ ಕಾರ್ಡ್ ತಗೊಂಡು ಪೋರ್ಟಬಲ್ ಅಂತೇ ಹಾಕ್ರಿ, ಇಂಟರ್ನಲ್ ಅಂತ ಒತ್ತಬ್ಯಾಡ್ರಿ. ನೋಟ್ಸ್ ನಾ ಈಗ ಪ್ರತಿ ಐತವಾರ ಪಿಡಿಎಫ್ ಮಾಡಿ ಆ ಹಳೇ ಪೆನ್‌ಡ್ರೈವಿಗಿ ಹಾಕಿ ಅವ್ವನ ಟ್ರಂಕಿನಾಗ ಇಡ್ತೀನಿ, ಸಂವಿಧಾನದ್ದು ಅರ್ಧ ಮತ್ತ ಬರ್ದಾಗ್ಯದ.