ಬೀಟೆ ಗ್ರಿಪ್ಪೋ ಎಂ-ಸೀಲ್ ಗ್ರಿಪ್ಪೋ: ಹಳೇ ಪಿಸ್ತೂಲಿನ ಜೊತೆ ನನ್ನ ಒಂದು ವರ್ಷ

ಗೋಣಿಕೊಪ್ಪಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ-ಸೀಲ್ ನಾಲ್ಕು ಪ್ಯಾಕೆಟ್ ಕೇಳಿದೆ. "ಟ್ಯಾಂಕ್ ಸೋರ್ತಿದ್ಯಾ ಅಕ್ಕಾ?" ಅಂದ ಹುಡುಗ. "ಇಲ್ಲ, ಪಿಸ್ತೂಲಿಗೆ" ಅಂದೆ. ನಕ್ಕು, ಚಿಲ್ಲರೆ ಎಣಿಸಿ ಕೊಟ್ಟ. ತಮಾಷೆ ಅಂದುಕೊಂಡ ಅನಿಸುತ್ತದೆ.

ತಮಾಷೆಯಲ್ಲ. ಒಂದು ವರ್ಷದಿಂದ ಹಳೇ ವಾಲ್ಥರ್ ಜಿಎಸ್‌ಪಿ ಪಿಸ್ತೂಲನ್ನು 25 ಮೀಟರ್ ಪಿಸ್ತೂಲ್ ಶೂಟಿಂಗ್ ಸ್ಪರ್ಧೆಗೆ ರೆಡಿ ಮಾಡುತ್ತಿದ್ದೇನೆ. ಪಾಯಿಂಟ್ ಟೂ ಟೂ ಇಂಚಿನ ಗುಂಡಿನದು, ಸೆಮಿ ಆಟೋಮ್ಯಾಟಿಕ್, ಗುಂಡು ತುಂಬುವ ಮ್ಯಾಗಜೀನ್‌ಗೆ 5. ಜರ್ಮನಿಯವರು ಈ ಮಾದರಿ ಹೊರಗೆ ತಂದದ್ದು 1968ರಲ್ಲಿ. ಇದರ ಮ್ಯಾಗಜೀನ್ ಹಿಡಿಯೊಳಗೆ ಇರುವುದಿಲ್ಲ, ಟ್ರಿಗರ್‌ಗೂ ಮುಂದೆ ಇರುತ್ತದೆ. ಹಾಗಾಗಿ ಭಾರ ಎಲ್ಲ ಮೂತಿ ಕಡೆ. ಆಟ ಬಿಟ್ಟ ಹಿರಿಯರೊಬ್ಬರ ಹತ್ತಿರ ಕಾಗದಪತ್ರ ಎಲ್ಲ ಸರಿ ಮಾಡಿಸಿ ತಗೊಂಡೆ.

ಕೊಡಗಿನವರು ಅಂದರೆ ಲೈಸೆನ್ಸ್ ಬೇಡ ಅಲ್ವಾ ಅಂತ ಮೈಸೂರಿನ ಕಡೆಯವರು ಕೇಳುತ್ತಲೇ ಇರುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಹಿಡುವಳಿದಾರರಿಗೂ ಕೋವಿ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನನ್ನ ಪಿಸ್ತೂಲು ಮಾತ್ರ ಲೈಸೆನ್ಸಿನ ಮೇಲೆಯೇ ಇದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಖಾಲಿ ಮಾಡಿ, ಪತ್ರದ ಸಮೇತ ಶೂಟಿಂಗ್ ರೇಂಜಿಗೆ ಒಯ್ಯುತ್ತೇನೆ. ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ ಹೋಗಬೇಕು, ನೂರು ಕಿಲೋಮೀಟರ್ ಹತ್ತಿರ. ಬೆಳಗ್ಗೆ ಬೇಗ ಹೊರಟರೆ ಆನೆಚೌಕೂರಿನ ಕಾಡಿನಲ್ಲಿ ಆನೆ ರಸ್ತೆ ದಾಟುವವರೆಗೂ ಕಾಯಬೇಕಾಗಬಹುದು. ಹೀಗೆ ಹೋಗಿ ಬರುವ ಒಂದೊಂದು ದಿನವೂ ದುಬಾರಿ. ಅದಕ್ಕೇ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅಂತ ಒಂದೊಂದನ್ನೇ ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲು ದುಡ್ಡು ಹಾಕಿದ್ದು ಟ್ರಿಗರ್‌ಗೆ. ಅದೇ ತಪ್ಪಾಯಿತು.

ಜಿಎಸ್‌ಪಿಯಲ್ಲಿ ಟ್ರಿಗರ್ ಭಾಗ ಒಂದು ಪುಟ್ಟ ಪೆಟ್ಟಿಗೆಯ ಹಾಗೆ ಇಡಿಯಾಗಿ ಹೊರಗೆ ಬರುತ್ತದೆ. ನನ್ನದು ಎಳೆದರೆ ಜೇನಿನಲ್ಲಿ ಬೆರಳು ಅದ್ದಿದ ಹಾಗೆ ಇತ್ತು. ಸವೆದಿದೆ ಅಂದುಕೊಂಡು ಸೆಕೆಂಡ್ ಹ್ಯಾಂಡ್ ಟ್ರಿಗರ್ ಪೆಟ್ಟಿಗೆ ಒಂದನ್ನು ತರಿಸಿದೆ. ಅಬ್ಬಾ, ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತಿತ್ತು! ಎರಡು ವಾರ ಖುಷಿಯೋ ಖುಷಿ. ಆಮೇಲೆ ಒಂದು ಅಭ್ಯಾಸ ಪಂದ್ಯದಲ್ಲಿ ತೂಕ ನೋಡಿದರು. 25 ಮೀಟರ್ ಪಿಸ್ತೂಲಿಗೆ ಟ್ರಿಗರ್ ಕಡಿಮೆಯೆಂದರೂ 1000 ಗ್ರಾಂ ಇರಬೇಕು. ಬ್ಯಾರಲ್ ನೆಟ್ಟಗೆ ಮೇಲಕ್ಕೆ ಮಾಡಿ, ಟ್ರಿಗರ್‌ಗೆ ತೂಕದ ಕಲ್ಲು ಸಿಕ್ಕಿಸಿ ಎತ್ತುತ್ತಾರೆ. ಮೂರು ಸಲ ಅವಕಾಶ. ಮೂರು ಸಲವೂ ನನ್ನದು 'ಟಕ್' ಅಂತ ಬಿದ್ದುಬಿಟ್ಟಿತು. ಅಭ್ಯಾಸ ಪಂದ್ಯವಾದ್ದರಿಂದ ಮಾನ ಉಳಿಯಿತು.

ಆಮೇಲೆ ಎರಡನ್ನೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ದೆ. ಅವರು ಹಳೇದನ್ನು ಬಿಚ್ಚಿ ತೋರಿಸಿದರು. ಒಳಗೆಲ್ಲ ಎಣ್ಣೆ ಗಟ್ಟಿಯಾಗಿ, ಹಲಸಿನ ಮೇಣದ ಹಾಗೆ ಕಂದು ಅಂಟು. ಸವೆತ ಏನೂ ಇಲ್ಲ. ತೊಳೆದು, ಒಂದೇ ಒಂದು ಹನಿ ಎಣ್ಣೆ ಬಿಟ್ಟು, 1050 ಗ್ರಾಂಗೆ ನಿಲ್ಲಿಸಿ ಕೊಟ್ಟರು. ಹೊಸದಾಗಿ ತರಿಸಿದ್ದರ ಸ್ಪ್ರಿಂಗ್ ಸೋತಿತ್ತು. ಅದು ಈಗ ಡ್ರಾಯರ್‌ನಲ್ಲಿ ಮಲಗಿದೆ. ಟ್ರಿಗರ್ ನೀವೇ ಬಿಚ್ಚಿ ಉಜ್ಜಬೇಡಿ, ದಯವಿಟ್ಟು. ಅಲ್ಲಿ ಕೂದಲೆಳೆಯಷ್ಟು ಲೋಹ ಹೋದರೂ ಗುಂಡು ಹೇಳದೆ ಕೇಳದೆ ಹಾರಬಹುದು.

ರಿಕಾಯಿಲ್ ಸ್ಪ್ರಿಂಗ್, ಅಂದರೆ ಗುಂಡು ಹಾರಿದಾಗ ಹಿಂದೆ ಬರುವ ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುವ ಸ್ಪ್ರಿಂಗ್, ಅದರ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಹಳೇದನ್ನೂ ಹೊಸದನ್ನೂ ಮೇಜಿನ ಮೇಲೆ ಒತ್ತಟ್ಟಿಗೆ ಇಟ್ಟೆ. ಹಳೇದು ಗಿಡ್ಡವಾಗಿತ್ತು. ಹಳೇದರಲ್ಲಿ ಸುಟ್ಟ ಗುಂಡಿನ ಖಾಲಿ ಕೇಸು ಪಕ್ಕದ ಲೇನಿನವರ ಟೋಪಿಗೆ ಬೀಳುತ್ತಿತ್ತು, ಹೊಸದರಲ್ಲಿ ಎರಡು ಮೀಟರ್ ದೂರದಲ್ಲಿ ಗುಡ್ಡೆಯಾಗಿ ಬೀಳುತ್ತದೆ. ಹೊಸದು ಹಾಕಿ, ಯೋಚನೆ ಮಾಡಬೇಡಿ.

ಗುಂಡು ಆರಿಸುವುದು ಮಜಾ ಇತ್ತು. ಕಾಫಿ ಕುಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ ಒಂದು ದಿನ ಪೂರ್ತಿ ಇದಕ್ಕೇ ಇಟ್ಟುಕೊಂಡೆ. ಹಳೇ ಕಾಫಿ ಚೀಲ ಕತ್ತರಿಸಿ, ಹೊಲಿದು, ಮರಳು ತುಂಬಿಸಿ ಒಯ್ದಿದ್ದೆ. ಅದರ ಮೇಲೆ ಪಿಸ್ತೂಲು ಊರಿ 25 ಮೀಟರ್‌ನಿಂದ ಹೊಡೆದೆ. ಮೂರು ತರದ ಡಬ್ಬ: ದುಬಾರಿ ಮ್ಯಾಚ್ ಗುಂಡು, ನಡುವಿನ ಬೆಲೆಯ ಸ್ಟ್ಯಾಂಡರ್ಡ್ ಗುಂಡು, ಅಗ್ಗದ ಹೈ ವೆಲಾಸಿಟಿ ಗುಂಡು. ಒಂದೊಂದರಲ್ಲೂ ಐದೈದರಂತೆ ಐದು ಸರಣಿ.

ಈ ಗುರಿಹಾಳೆಯಲ್ಲಿ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ದುಬಾರಿ ಗುಂಡಿನ ಗುಂಪುಗಳು (ಐದು ತೂತು ಹರಡಿದ ಅಗಲ) ಸರಾಸರಿ 28 ಮಿಲಿಮೀಟರ್ ಬಂದವು, ನಡುವಿನದ್ದು 32, ಅಗ್ಗದ್ದು 55. ಅಂದರೆ ಅಗ್ಗದ್ದರಲ್ಲಿ ನನ್ನ ತಪ್ಪು ಒಂದೂ ಇಲ್ಲದಿದ್ದರೂ ಪಿಸ್ತೂಲೇ ಹತ್ತರ ಆಚೆ ಹಾಕಬಹುದು. ಜೊತೆಗೆ ಅದು ಬೋಲ್ಟನ್ನು ಸುತ್ತಿಗೆಯಲ್ಲಿ ಹೊಡೆದ ಹಾಗೆ ಹಿಂದಕ್ಕೆ ತಳ್ಳುತ್ತದೆ. ಇಂಥ ಪಿಸ್ತೂಲುಗಳನ್ನು ಮಾಡಿರುವುದು ಶಬ್ದದ ವೇಗಕ್ಕಿಂತ ಕೆಳಗೇ ಹೋಗುವ ಸ್ಟ್ಯಾಂಡರ್ಡ್ ಗುಂಡಿಗೆ. ಹೈ ವೆಲಾಸಿಟಿ ಡಬ್ಬ ಅಣ್ಣನಿಗೆ ಕೊಟ್ಟೆ. ಅವನ ರೈಫಲ್ಲಿಗೆ, ಹಬ್ಬದಲ್ಲಿ ತೆಂಗಿನಕಾಯಿ ಹೊಡೆಯೋಕೆ ಅದು ಚೆನ್ನಾಗಿದೆ.

ದುಬಾರಿಗೂ ನಡುವಿನದ್ದಕ್ಕೂ ಇರುವ 4 ಮಿಲಿಮೀಟರ್‌ಗೆ ದುಪ್ಪಟ್ಟು ದುಡ್ಡು ಕೊಡಬೇಕಾ? ನನ್ನ ಕೈ ನಡುಗುವುದೇ ಅದರ ಹತ್ತು ಪಾಲು. ಇನ್ನೊಂದು ವಿಷಯ, ದುಬಾರಿಯದ್ದು ಮೆತ್ತಗಿನ ಗುಂಡು. ಹೊಸ ಸ್ಪ್ರಿಂಗ್ ಹಾಕಿದ ಮೇಲೆ, ಪಿಸ್ತೂಲು ಸ್ವಲ್ಪ ಕೊಳೆಯಾದರೂ ಖಾಲಿ ಕೇಸು ಬಾಗಿಲಲ್ಲೇ ನಿಂತುಬಿಡುತ್ತಿತ್ತು. ನಡುವಿನದ್ದು ಇದುವರೆಗೆ ಎರಡೇ ಸಲ ಸಿಕ್ಕಿಕೊಂಡಿದೆ. ಅದೇ ಇರಲಿ.

ಚೀಲದ ಮೇಲೆ 32 ಮಿಲಿಮೀಟರ್ ಗುಂಪು ಬಿಟ್ಟ ಪಿಸ್ತೂಲು ನನ್ನ ಕೈಗೆ ಬಂದ ಕೂಡಲೇ ಎಡಕ್ಕೆ ಎಂಟು, ಎಡಕ್ಕೆ ಏಳು. ಅವತ್ತು ಗೊತ್ತಾಯಿತು, ದೋಷ ಯಂತ್ರದಲ್ಲಿ ಇಲ್ಲ, ಕೈಗೂ ಯಂತ್ರಕ್ಕೂ ನಡುವೆ ಇದೆ.

ಹಳೇ ಮಾಲೀಕರು ಆರಡಿ ಆಳು. ಗ್ರಿಪ್ ಅವರ ಅಳತೆಯದ್ದು, ಆಕ್ರೋಟ್ ಮರದ್ದು, ದೊಡ್ಡ ಸೈಜು. ನನ್ನ ಕೈ ಚಿಕ್ಕದು. ಟ್ರಿಗರ್‌ಗೆ ಬೆರಳಿನ ತುದಿಯಷ್ಟೇ ಮುಟ್ಟುತ್ತಿತ್ತು. ಆ ತುದಿ ಟ್ರಿಗರನ್ನು ನೇರ ಹಿಂದಕ್ಕೆ ಎಳೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ನಿಧಾನದ ಸುತ್ತಿನಲ್ಲಿ 5 ಗುಂಡಿಗೆ 5 ನಿಮಿಷ ಸಿಗುತ್ತದೆ, ಹೇಗೋ ಸಂಭಾಳಿಸಬಹುದು. ರ‍್ಯಾಪಿಡ್ ಸುತ್ತಿನಲ್ಲಿ ಆಗುವುದಿಲ್ಲ. ಅಲ್ಲಿ ಕೈ 45 ಡಿಗ್ರಿ ಕೆಳಗೆ ಇರಬೇಕು, ಗುರಿ ಕಾಣುವುದು 3 ಸೆಕೆಂಡ್. ಅಷ್ಟರಲ್ಲಿ ಎತ್ತಿ, ನೋಡಿ, ಒಂದು ಗುಂಡು ಬಿಡಬೇಕು. 7 ಸೆಕೆಂಡ್ ಬಿಟ್ಟು ಮತ್ತೆ. ಎತ್ತಿದಾಗ ಸೈಟ್ (ಗುರಿ ಹಿಡಿಯುವ ಮುಂದಿನ ಮೊನೆ, ಹಿಂದಿನ ಕಿಂಡಿ) ತಾನಾಗಿ ಸಾಲಿಗೆ ಬಂದಿರದಿದ್ದರೆ ಸರಿ ಮಾಡಿಕೊಳ್ಳಲು ಟೈಮೇ ಇಲ್ಲ. ಪ್ಯಾರಿಸ್ 2024ರಲ್ಲಿ ಮನು ಭಾಕರ್ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡಿದ್ದು ಇದೇ 25 ಮೀಟರ್ ಪಿಸ್ತೂಲಿನಲ್ಲಿ. ಟಿವಿಯಲ್ಲಿ ನೋಡುತ್ತಾ ನನ್ನ ಅಂಗೈ ಬೆವರಿತ್ತು.

ಮೂರು ದಾರಿ ಇದ್ದವು. ಹೊರದೇಶದಿಂದ ನನ್ನ ಸೈಜಿನ ಗ್ರಿಪ್ ತರಿಸುವುದು, ಊರಿನ ಆಚಾರಿ ಹತ್ತಿರ ಹೊಸದು ಕೆತ್ತಿಸುವುದು, ಇದ್ದದ್ದನ್ನೇ ಅರದಿಂದ ಉಜ್ಜಿ ಎಂ-ಸೀಲ್ ಮೆತ್ತುವುದು. ಮೊದಲನೆಯದನ್ನು ಗೆಳತಿಯೊಬ್ಬಳ ಪಿಸ್ತೂಲಿನಲ್ಲಿ ಒಂದು ದಿನ ಹಿಡಿದು ನೋಡಿದೆ. ಚೆನ್ನಾಗಿತ್ತು. ಬೆಲೆ ಕೇಳಿ ಕೆಳಗಿಟ್ಟೆ. ಅದೂ ಅಲ್ಲದೆ, ಅವಳೂ ಅದಕ್ಕೆ ಅಲ್ಲಲ್ಲಿ ಪುಟ್ಟಿ ಮೆತ್ತಿದ್ದಳು!

ಆಚಾರಿ ನಮ್ಮ ಮನೆಯ ಕಿಟಕಿ ಬಾಗಿಲು ಮಾಡಿದವರು. ಹಳೇ ಮನೆ ಬಿಚ್ಚಿದಾಗ ಉಳಿದ ಬೀಟೆ ಚೌಕಟ್ಟಿನ ತುಂಡು ಅಟ್ಟದಲ್ಲಿತ್ತು. ಮೊದಲು ಹಲಸಿನ ಮರದಲ್ಲಿ ಒಂದು ಮಾದರಿ ಕೆತ್ತಿದರು, ಆಮೇಲೆ ಬೀಟೆಯಲ್ಲಿ. ಪಿಸ್ತೂಲನ್ನು ಅವರ ಹತ್ತಿರ ಬಿಡಲಿಲ್ಲ, ಗ್ರಿಪ್ ಮಾತ್ರ ಬಿಚ್ಚಿ ಕೊಟ್ಟಿದ್ದೆ. ನನ್ನ ಕೈಯನ್ನು ಒದ್ದೆ ಮಣ್ಣಿನಲ್ಲಿ ಒತ್ತಿಸಿ ಅಚ್ಚು ತೆಗೆದರು. ಬೆರಳಿನ ಸಂದು ಸಂದೂ ಬಂತು. ಎಣ್ಣೆ ಉಜ್ಜಿದ ಮೇಲೆ ಕಪ್ಪು ನೇರಳೆ ಗೆರೆಗಳು ಎದ್ದು ಕಂಡವು. ನೋಡೋಕೆ ಎರಡು ಕಣ್ಣು ಸಾಲದು.

ಹೊಡೆಯೋಕೆ ಮಾತ್ರ ತಕರಾರು ಶುರುವಾಯಿತು. ಒಂದನೆಯದು ತೂಕ: ಆಕ್ರೋಟ್ ಗ್ರಿಪ್‌ಗಿಂತ 90 ಗ್ರಾಂ ಜಾಸ್ತಿ. ಖಾಲಿ ಮ್ಯಾಗಜೀನ್ ಸೇರಿ 1400 ಗ್ರಾಂ ಮಿತಿಯೊಳಗೇ ಇತ್ತು, ಆದರೆ ಮೂವತ್ತನೇ ಗುಂಡಿನ ಹೊತ್ತಿಗೆ ಭುಜ ಮಾತಾಡುತ್ತಿತ್ತು. ಎರಡನೆಯದು ಪೆಟ್ಟಿಗೆ. 300, 150, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಪಿಸ್ತೂಲು ಕೂರಬೇಕು, ಅದು ನಿಯಮ. ಆಚಾರಿ ಪ್ರೀತಿಯಿಂದ ಹೆಬ್ಬೆರಳಿಗೆ ಒಂದು ದಪ್ಪ ಮೆತ್ತೆ ಬಿಟ್ಟಿದ್ದರು. ದಪ್ಪ 54 ಬಂತು. ಪೆಟ್ಟಿಗೆಯ ಬಾಯಲ್ಲಿ ಪಿಸ್ತೂಲು ಕಚ್ಚಿಕೊಂಡು ನಿಂತಿತು, ಪಕ್ಕದಲ್ಲಿದ್ದವರೆಲ್ಲ ನೋಡಿದರು. ಉಜ್ಜಿ ಉಜ್ಜಿ 49ಕ್ಕೆ ತಂದೆವು. ಮೂರನೆಯದು ದೊಡ್ಡದು. ಅಚ್ಚು ಒಂದು ಸಲದ್ದು. ಎರಡು ವಾರ ಹೊಡೆದ ಮೇಲೆ ಹಿಡಿಯುವ ರೀತಿಯೇ ಬದಲಾಯಿತು. ಬೀಟೆಯನ್ನು ಕೆತ್ತಿ ತೆಗೆಯಬಹುದು, ಸೇರಿಸುವುದು ಹೇಗೆ?

ಆಗ ಬಂತು ಎಂ-ಸೀಲ್. ಹಳೇ ಆಕ್ರೋಟ್ ಗ್ರಿಪ್‌ನ ಬೆನ್ನನ್ನು, ಹೆಬ್ಬೆರಳು ತೋರುಬೆರಳಿನ ಸಂದು ಕೂರುವ ಜಾಗವನ್ನು, ಅರದಿಂದ ಉಜ್ಜಿದೆ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಕೂರುವವರೆಗೆ. ಉಳಿದ ಪೊಳ್ಳು ಜಾಗಕ್ಕೆ ಮಾತ್ರ ಮೆತ್ತಿದೆ. ಕಪ್ಪು ಬಿಳಿ ಎರಡನ್ನೂ ಚಪಾತಿ ಹಿಟ್ಟಿನ ಹಾಗೆ ನಾದಿ, ಅಂಟಿಸಿ, ಕೈಗೆ ತೆಂಗಿನೆಣ್ಣೆ ಸವರಿ, ಹಿಡಿದು ಎರಡು ನಿಮಿಷ ನಿಂತೆ. ಮೊದಲ ಸಲ ಎಣ್ಣೆ ಮರೆತಿದ್ದೆ. ಚರ್ಮದ ಸಮೇತ ಎದ್ದು ಬಂತು.

ಪರೀಕ್ಷೆ ಮನೆಯಲ್ಲೇ, ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿ. ಗೋಡೆ ಮೇಲಿನ ಚುಕ್ಕೆ ನೋಡಿ, ಕಣ್ಣು ಮುಚ್ಚಿ, ಕೈ ಎತ್ತಿ, ಕಣ್ಣು ಬಿಡುವುದು. ಮುಂದಿನ ಸೈಟ್ ಹಿಂದಿನ ಕಿಂಡಿಯ ಮಧ್ಯ ಇದೆಯಾ? ಎಡಕ್ಕೋ ಬಲಕ್ಕೋ ಇದ್ದರೆ ಅಂಗೈ ಕಡೆ ಒಂದು ಚಿಟಿಕೆ ಉಜ್ಜು, ಇಲ್ಲ ಮೆತ್ತು. ಒಂದು ತಿಂಗಳು ಇದೇ ಕೆಲಸ. ಗ್ರಿಪ್ ಈಗ ಕುಷ್ಠ ಬಂದ ಮರದ ಬೊಡ್ಡೆಯ ಹಾಗೆ ಕಾಣುತ್ತದೆ. ಆದರೆ ಹತ್ತು ಸಲ ಎತ್ತಿದರೆ ಎಂಟು ಸಲ ಸೈಟ್ ಸಾಲಿನಲ್ಲಿ ಇರುತ್ತದೆ. ಬೀಟೆಯಲ್ಲಿ ಐದು ಸಲ. ರ‍್ಯಾಪಿಡ್‌ನ 30 ಗುಂಡಿನಲ್ಲಿ ಬೀಟೆಗಿಂತ 11 ಅಂಕ ಜಾಸ್ತಿ ಬಂತು, ಅದೂ ಒಂದೇ ವಾರದಲ್ಲಿ. ಎರಡೂವರೆ ಸಾವಿರ ಗುಂಡು ಸುಟ್ಟರೂ ಅಷ್ಟು ಅಂಕ ನನಗೆ ಬಂದಿರಲಿಲ್ಲ.

ಸೈಟ್‌ಗೆ ಮಸಿ ಹಚ್ಚುವುದರಲ್ಲೂ ಎರಡು ನೋಡಿದೆ. ಮಾರ್ಕರ್ ಪೆನ್ ಹಚ್ಚಿದರೆ ಬಿಸಿಲಲ್ಲಿ ನೇರಳೆ ಹೊಳಪು. ಪೂಜೆಯ ಕರ್ಪೂರದ ಹೊಗೆ ಹಿಡಿದರೆ ಹೊಳಪೇ ಇಲ್ಲದ ಮಸಿ, ಅಂಚು ಬ್ಲೇಡಿನ ಹಾಗೆ ಕಾಣುತ್ತದೆ. ಕರ್ಪೂರವೇ ಸರಿ. ಮೊದಲು ಎಣ್ಣೆ ಒರೆಸಿ, ಗುಂಡಿನ ಡಬ್ಬ ಇನ್ನೊಂದು ಕೋಣೆಯಲ್ಲಿ ಇರಲಿ.

ಇನ್ನು ಮಳೆಗಾಲ. ಬೇರೆ ಊರಿನವರು ಇದನ್ನು ಓದಿ ನಗಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಪಿಸ್ತೂಲಿನ ಜೊತೆ ಬಂದ ಸ್ಪಂಜಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಸ್ಪಂಜು ತೇವ ಕುಡಿದು ಹಿಡಿದುಕೊಳ್ಳುತ್ತದೆ ಅಂತ ತಲೆಗೆ ಹೋಗಲಿಲ್ಲ. ಹತ್ತೇ ದಿನದಲ್ಲಿ ಬ್ಯಾರಲ್ ಪಕ್ಕ ಅರಿಶಿನದ ಚುಕ್ಕೆಗಳು. ಆಮೇಲೆ ಸಿಲಿಕಾ ಜೆಲ್ ಚೀಲ ಇಟ್ಟು ನೋಡಿದೆ. ವಾರಕ್ಕೊಮ್ಮೆ ಒಣಗಿಸಬೇಕು, ಮರೆತರೆ ಕಥೆ ಮುಗಿಯಿತು. ಬೀಗದ ಕಬ್ಬಿಣದ ಕಪಾಟಿನಲ್ಲಿ 15 ವ್ಯಾಟಿನ ಹಳೇ ಬಲ್ಬ್ ಉರಿಸಿದ್ದೇ ಗೆದ್ದಿತು, ಕರೆಂಟ್ ಇರುವಷ್ಟು ಹೊತ್ತು. ಆಗಸ್ಟ್‌ನಲ್ಲಿ ಮೂರು ದಿನ ಕರೆಂಟ್ ಹೋದ ಮೇಲೆ ಬಲ್ಬ್, ಸಿಲಿಕಾ ಜೆಲ್ ಎರಡನ್ನೂ ಇಟ್ಟೆ. ಗುಂಡನ್ನು ಮಾತ್ರ ಬಲ್ಬಿನ ಹತ್ತಿರ ಇಡಬೇಡಿ, ನನ್ನದು ಬೇರೆ ಬೀಗದ ಡಬ್ಬದಲ್ಲಿ ಇದೆ. ಬೀಟೆ ಗ್ರಿಪ್ ಈ ಮಳೆಗೆ ಕದಲಲಿಲ್ಲ, ಅದನ್ನು ಒಪ್ಪಲೇಬೇಕು. ಆಕ್ರೋಟ್ ಸ್ವಲ್ಪ ಉಬ್ಬಿ ಎಂ-ಸೀಲ್ ಅಂಚಿನಲ್ಲಿ ಒಂದು ಸೀಳು ಬಿಟ್ಟಿದೆ. ಮತ್ತೆ ಅರ್ಧ ಪ್ಯಾಕೆಟ್ ಮೆತ್ತಿದೆ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳ ಸಾಲಿನಲ್ಲಿ ಪಿಸ್ತೂಲನ್ನೂ ಇಡಲು ಹೋದೆ. ಅತ್ತೆ ಎಂ-ಸೀಲ್ ಗ್ರಿಪ್ ನೋಡಿದರು, ನನ್ನ ಮುಖ ನೋಡಿದರು. "ಇದಕ್ಕೆ ತೋಕ್ ಪೂ (ಕೋವಿ ಹೂ) ಇಡ್ಲಾ ನಾನು? ಆ ಇನ್ನೊಂದು ಹಾಕು." ಸ್ಕ್ರೂ ಬಿಚ್ಚಿ ಬೀಟೆಯದ್ದು ಹಾಕಿದೆ, ಅತ್ತೆ ಹೂ ಇಟ್ಟರು. ಅಂಗಳದಲ್ಲಿ ಅಣ್ಣ ಮೂರನೇ ಗುಂಡಿಗೆ ತೆಂಗಿನಕಾಯಿ ಒಡೆದ. ಮಾರನೇ ಬೆಳಗ್ಗೆ ರೇಂಜಿಗೆ ಹೊರಡುವ ಮೊದಲು ಮತ್ತೆ ಬಿಚ್ಚಿದೆ. ನಾಲ್ಕು ನಿಮಿಷದ ಕೆಲಸ.